ಮಿರಜದಾಗ ಹುಟ್ಟಿದ ಕೂಸಿನ ದಾಖಲೆ ಅಥಣ್ಯಾಗ ಸಿಗಂಗಿಲ್ಲ

ಜನನ ಪ್ರಮಾಣಪತ್ರ ಬೇಕಾದಾಗ ಜನ ಮೊದಲು ಹೋಗಿ ನಿಲ್ಲುವುದು ತಮ್ಮೂರಿನ ಕಚೇರಿಯ ಮುಂದೆ. ಆದರೆ ನೋಂದಣಿ ಆಗುವುದು ನೀವು ಇರುವ ಊರಲ್ಲಲ್ಲ, ಕೂಸು ಹುಟ್ಟಿದ ಜಾಗದಲ್ಲಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಬುನಾದಿಯೇ ಇದು. ಮರಣಕ್ಕೂ ಅಷ್ಟೇ.

ನಮ್ಮ ಕಡೆ ಇದು ಹೆಚ್ಚು ಕಾಡುವುದಕ್ಕೆ ಎರಡು ಕಾರಣ ಉಂಟು. ಒಂದು ಗಡಿ. ಅಥಣಿ, ಕಾಗವಾಡ, ರಾಯಬಾಗದ ಕಡೆಯವರು ದವಾಖಾನೆಗೆ ಮಿರಜ, ಸಾಂಗಲಿಗೆ ಹೋಗುತ್ತಾರೆ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ, ಇಂಡಿ, ಚಡಚಣದವರಿಗೆ ಸೊಲ್ಲಾಪುರ. ಅಲ್ಲಿ ಹುಟ್ಟಿದ ಕೂಸಿಗೆ ಅಲ್ಲಿಯ ಮಹಾನಗರಪಾಲಿಕೆಯೇ ಮರಾಠಿ ಮತ್ತು ಇಂಗ್ಲಿಷಿನಲ್ಲಿ ಪ್ರಮಾಣಪತ್ರ ಕೊಡುತ್ತದೆ. ಅದು ದೇಶದಲ್ಲೆಲ್ಲ ನಡೆಯುತ್ತದೆ. "ಕನ್ನಡದ್ದೊಂದು ಇರಲಿ" ಎಂದು ಇಲ್ಲಿ ಮತ್ತೊಮ್ಮೆ ನೋಂದಾಯಿಸಲು ಹೋಗಬೇಡಿ. ಒಂದೇ ಕೂಸಿಗೆ ಎರಡು ನೋಂದಣಿ ಸಂಖ್ಯೆ, ಎರಡು ಹುಟ್ಟೂರು ಆದರೆ ಮುಂದೆ ಪಾಸ್‌ಪೋರ್ಟಿನ ಹೊತ್ತಿಗೆ ಒಂದನ್ನು ರದ್ದು ಮಾಡಿಸಲು ಓಡಾಡಬೇಕು.

ಇನ್ನೊಂದು ಕಾರಣ ತವರುಮನೆ. ಗೋಕಾಕಕ್ಕೆ ಕೊಟ್ಟ ಮಗಳು ಚೊಚ್ಚಲ ಹೆರಿಗೆಗೆ ಮುದ್ದೇಬಿಹಾಳಕ್ಕೆ ಬರುತ್ತಾಳೆ, ಹೆರಿಗೆ ವಿಜಯಪುರದ ಖಾಸಗಿ ದವಾಖಾನೆಯಲ್ಲಿ ಆಗುತ್ತದೆ. ದಾಖಲೆ ವಿಜಯಪುರ ಮಹಾನಗರ ಪಾಲಿಕೆಯಲ್ಲಿ. ಬಾಣಂತನ ಮುಗಿಸಿ ಗಂಡನ ಮನೆಗೆ ಹೋದ ಮೇಲೆ ಗೋಕಾಕದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ದವಾಖಾನೆಯಲ್ಲಿ ಹುಟ್ಟಿದರೆ ಮಾಹಿತಿ ಕೊಡುವ ಹೊಣೆ ದವಾಖಾನೆಯದು, ಮನೆಯಲ್ಲಿ ಹುಟ್ಟಿದರೆ ಮನೆಯ ಯಜಮಾನರದು. ಗಡುವು 21 ದಿನ. ದವಾಖಾನೆ ತುಂಬುವುದು ನಮೂನೆ 1. ಮುಂದಿನ ಎಲ್ಲ ತೊಂದರೆಗಳ ಬೇರು ಈ ಒಂದು ಹಾಳೆಯಲ್ಲಿದೆ. ಅದನ್ನು ಸಾಮಾನ್ಯವಾಗಿ ತುಂಬುವುದು ಅವಸರದಲ್ಲಿರುವ ಸಿಬ್ಬಂದಿ, ಹೇಳುವುದು ರಾತ್ರಿಯಿಡೀ ನಿದ್ದೆಗೆಟ್ಟ ಸೋದರಮಾವ ಅಥವಾ ಅಜ್ಜ.

ಮೊದಲು ಕೆಡುವುದು ತಾಯಿಯ ಹೆಸರು. ಆಧಾರದಲ್ಲಿ ಇನ್ನೂ ತಂದೆಯ ಹೆಸರು, ತವರಿನ ಅಡ್ಡಹೆಸರು ಇರುತ್ತದೆ: ಸವಿತಾ ರಾಮಪ್ಪ ಬಡಿಗೇರ. ಅಜ್ಜ ಹೇಳುವುದು ಸವಿತಾ ಮಹಾಂತೇಶ ಹೂಗಾರ. ಯಾವುದು ಸರಿ ಎಂಬ ವಾದ ಬೇಡ, ಆಧಾರದಲ್ಲಿ ಇದ್ದಂತೆಯೇ ಬರೆಸಿ. ಬದಲಾಯಿಸುವುದಿದ್ದರೆ ಹೆರಿಗೆಗೆ ಮೊದಲೇ ಆಧಾರ ಬದಲಾಯಿಸಿಕೊಳ್ಳಿ. ಅಡ್ಡಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಬಾಯಲ್ಲಿ ಹೇಳಬೇಡಿ. ಬಡಿಗೇರ ಒಬ್ಬರ ಕೈಯಲ್ಲಿ ಬಡಿಗಾರ ಆಗುತ್ತದೆ, ಪಾಟೀಲ ಪಟೇಲ ಆಗುತ್ತದೆ. ಗಂಡ ಹೆಂಡತಿ ಇಬ್ಬರ ಆಧಾರದ ಝೆರಾಕ್ಸ್ ಕೈಗೆ ಕೊಡಿ.

ಆಮೇಲೆ ವಿಳಾಸ. ನಮೂನೆಯಲ್ಲಿ ಎರಡು ಕಾಲಂ ಇವೆ, ಹೆರಿಗೆ ಸಮಯದ ವಿಳಾಸ ಒಂದು, ಕಾಯಂ ವಿಳಾಸ ಒಂದು. ಎರಡಕ್ಕೂ ತವರಿನ ವಿಳಾಸ ಬರೆಸಿ ಬಿಡುವವರೇ ಬಹಳ. ಕಾಯಂ ವಿಳಾಸದಲ್ಲಿ ಗಂಡನ ಮನೆಯದು ಬರಲಿ.

ಕೂಸಿನ ಹೆಸರಿನ ಕಾಲಂ ಖಾಲಿ ಬಿಡಬಹುದು. ತೊಟ್ಟಿಲ ಕಾರ್ಯ ಆಗುವ ಮೊದಲೇ ಹೆಸರು ಎಲ್ಲಿಂದ ಬರಬೇಕು! ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ಹೋಗಿ ಹೆಸರು ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ ದವಾಖಾನೆಯವರು ಕೇಳಿದರೆಂದು ಬಾಯಿಗೆ ಬಂದ ಹೆಸರು ಬರೆಸಬೇಡಿ. ಹೆಸರು ಸೇರಿಸುವುದು ಸುಲಭ. ಬರೆಸಿದ ಹೆಸರನ್ನು ಕಿತ್ತು ಬೇರೆ ಹೆಸರು ಹಾಕಿಸುವುದು ಅಕ್ಷರ ತಿದ್ದಿದಷ್ಟು ಹಗುರದ ಕೆಲಸವಲ್ಲ, ಕಚೇರಿ ಅದಕ್ಕೆ ಬೇಗ ಒಪ್ಪುವುದಿಲ್ಲ.

ನೋಂದಣಿಯಾದ ಏಳು ದಿನದೊಳಗೆ ಮಾಹಿತಿ ಕೊಟ್ಟವರಿಗೆ ಮೊದಲ ಪ್ರಮಾಣಪತ್ರ ಉಚಿತವಾಗಿ ಸಿಗಬೇಕು. ಹೆಚ್ಚಿನ ಪ್ರತಿಗೆ ಮಾತ್ರ ದುಡ್ಡು. ಸರ್ಕಾರಿ ದವಾಖಾನೆಯಲ್ಲಿ ಹೆರಿಗೆಯಾಗಿದ್ದರೆ ನೋಂದಣಿ ಅಲ್ಲೇ ಆಗುವುದುಂಟು, ಡಿಸ್ಚಾರ್ಜ್ ಆಗುವ ಮೊದಲೇ ಕೇಳಿಬಿಡಿ. ಖಾಸಗಿಯಾದರೆ ಪಾಲಿಕೆ ಅಥವಾ ನಗರಸಭೆಯ ಆರೋಗ್ಯ ಶಾಖೆಯಲ್ಲಿ ವಿಚಾರಿಸಬೇಕು. ತೆರಿಗೆ ಕೌಂಟರಿನಲ್ಲಿ ಸಾಲು ಹಚ್ಚಿ ಪ್ರಯೋಜನವಿಲ್ಲ.

ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಅಕ್ಷರ ಅಕ್ಷರ ಓದಿ, ಕನ್ನಡದ್ದನ್ನೂ ಇಂಗ್ಲಿಷಿನದ್ದನ್ನೂ. ಅಕ್ಷರ ತಪ್ಪಾಗಿದ್ದರೆ ದವಾಖಾನೆಯ ಪತ್ರ, ಡಿಸ್ಚಾರ್ಜ್ ಹಾಳೆ, ಆಧಾರ ತೋರಿಸಿದರೆ ನೋಂದಣಾಧಿಕಾರಿ ತಿದ್ದಬಹುದು. ಹುಟ್ಟಿದ ತಾರೀಖು, ತಂದೆಯ ಹೆಸರಿನಂಥ ಮೂಲ ವಿಷಯವೇ ತಪ್ಪಿದ್ದರೆ ವಿಷಯ ಗೊತ್ತಿರುವ ಇಬ್ಬರು ನಂಬಿಗಸ್ತರ ಘೋಷಣೆ ಬೇಕು. ಎರಡೂ ಸಂದರ್ಭದಲ್ಲಿ ಹಳೆಯ ಬರಹ ಅಳಿಸುವುದಿಲ್ಲ, ಬದಿಯಲ್ಲಿ ಷರಾ ಬರೆಯುತ್ತಾರೆ.

21 ದಿನ ತಪ್ಪಿದರೆ? 30 ದಿನದವರೆಗೆ ಬರೀ ತಡದ ಶುಲ್ಕ. 30 ದಿನದಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಇದಕ್ಕೆ ಕಾಯ್ದೆ ಹಿಂದೆ ಅಫಿಡವಿಟ್ ಕೇಳುತ್ತಿತ್ತು, 2023ರ ತಿದ್ದುಪಡಿಯ ನಂತರ ಸ್ವಯಂ ದೃಢೀಕರಿಸಿದ ದಾಖಲೆ ಸಾಕು. "ಬಾಂಡ್ ಮಾಡಿಸಿಕೊಂಡು ಬರ್ರಿ" ಎಂದು ಹೊರಗೆ ಕೂತವರು ಹೇಳಿದರೆ ಒಳಗೆ ಹೋಗಿ ಕೇಳಿ. ವರ್ಷ ದಾಟಿದರೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಉಪವಿಭಾಗಾಧಿಕಾರಿಯ (ಎಸಿ) ಕಚೇರಿಗಳು ಬೆಳಗಾವಿ ಜಿಲ್ಲೆಗೆ ಬೆಳಗಾವಿ, ಬೈಲಹೊಂಗಲ, ಚಿಕ್ಕೋಡಿಯಲ್ಲಿ, ಬಾಗಲಕೋಟೆ ಜಿಲ್ಲೆಗೆ ಬಾಗಲಕೋಟೆ, ಜಮಖಂಡಿಯಲ್ಲಿ, ವಿಜಯಪುರ ಜಿಲ್ಲೆಗೆ ವಿಜಯಪುರ, ಇಂಡಿಯಲ್ಲಿ ಇವೆ. ಅಲ್ಲಿಗೆ ಹೋಗುವ ಮೊದಲು ಹುಟ್ಟಿದ ಊರಿನ ನೋಂದಣಾಧಿಕಾರಿಯಿಂದ "ದಾಖಲೆ ಇಲ್ಲ" ಎಂಬ ಪತ್ರ ಪಡೆಯಿರಿ. ಬಹಳ ಜನ ಶಾಲೆಯ ದಾಖಲೆಯೊಂದನ್ನೇ ಹಿಡಿದು ಹೋಗಿ ಈ ಪತ್ರಕ್ಕಾಗಿ ವಾಪಸ್ ಬರುತ್ತಾರೆ.

2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಸರ್ಕಾರಿ ನೌಕರಿಗೆಲ್ಲ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಇದೇ ಪುರಾವೆ. ಆದ್ದರಿಂದ "ಶಾಲೆಗೆ ಹಚ್ಚುವಾಗ ನೋಡಿದರಾಯ್ತು" ಎನ್ನುವ ಹಳೆಯ ರೂಢಿ ಈಗ ನಡೆಯದು.

ಮರಣದ ವಿಷಯಕ್ಕೆ ಎರಡು ಮಾತು. ಮೊದಲನೆಯದು ಹೆಸರು. ಪ್ರಮಾಣಪತ್ರ ಬೇಕಾಗುವುದೇ ಹೆಚ್ಚಾಗಿ ಹೊಲದ ವಾರಸಾ ಮಾಡಿಸಲು, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಹಚ್ಚಲು. ಉತಾರದಲ್ಲಿ (ಪಹಣಿಯಲ್ಲಿ) ಬಸಪ್ಪ, ದವಾಖಾನೆಯಲ್ಲಿ ಬಸವರಾಜ ಎಂದಿದ್ದರೆ ವಾರಸಾ ಅಲ್ಲಿಗೇ ನಿಲ್ಲುತ್ತದೆ. ದುಃಖದ ಮನೆಯಲ್ಲಿ ಈ ಮಾತು ಎತ್ತಲು ಯಾರಿಗೂ ಬಾಯಿ ಬರುವುದಿಲ್ಲ, ಆದರೂ ಮನೆಯ ಒಬ್ಬರು ಆಧಾರ ಮತ್ತು ಉತಾರ ಜೋಡಿಸಿ ನೋಡಲೇಬೇಕು. ಎರಡನೆಯದು ಸ್ಥಳ. ದೊಡ್ಡ ದವಾಖಾನೆಗೆ ಒಯ್ಯುವಾಗ ದಾರಿಯಲ್ಲಿ ಗಾಡಿಯಲ್ಲೇ ಜೀವ ಹೋದರೆ, ಗಾಡಿ ಮೊದಲು ನಿಂತ ಜಾಗದಲ್ಲಿ ನೋಂದಣಿ. ಮನೆಯಲ್ಲಿ ತೀರಿಕೊಂಡರೆ ಮಣ್ಣು ಮಾಡಿದ ಅಥವಾ ಸುಟ್ಟ ಸ್ಮಶಾನದಲ್ಲಿ ಚೀಟಿ ಕೊಡುತ್ತಿದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ, ಕಚೇರಿಯಲ್ಲಿ ಕೇಳುತ್ತಾರೆ.

ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಬರೆದಿರುವುದಿಲ್ಲ. ವಿಮೆ ಕಂಪನಿ ಕೇಳುವುದು ಅದನ್ನೇ. ದವಾಖಾನೆ ಬರೆದುಕೊಡುವ ಸಾವಿನ ಕಾರಣದ ವೈದ್ಯಕೀಯ ಪತ್ರದ ಒಂದು ಪ್ರತಿ ಹತ್ತಿರದ ಸಂಬಂಧಿಗೂ ಸಿಗಬೇಕು ಎಂದು ಈಗ ಕಾಯ್ದೆಯಲ್ಲೇ ಇದೆ. ಶವ ಒಯ್ಯುವ ಮೊದಲೇ ಕೇಳಿ ಇಸಿದುಕೊಳ್ಳಿ.