ಖರ್ಚಾಗದ ಹಣಕ್ಕೆ ವೋಚರ್ ಇರುವುದಿಲ್ಲ

ಸರ್ಕಾರಿ ಲೆಕ್ಕಪರಿಶೋಧನೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ದುಡಿದು ನಿವೃತ್ತಳಾದವಳು ನಾನು. ವರ್ಷದ ಬಹುಪಾಲು ದಿನ ಆಡಿಟ್ ಪಾರ್ಟಿಯ, ಅಂದರೆ ಲೆಕ್ಕ ತಪಾಸಣೆಯ ತಂಡದ ಜೊತೆ ಜಿಲ್ಲೆಯಿಂದ ಜಿಲ್ಲೆಗೆ ಓಡಾಟ, ಹೋದಲ್ಲೆಲ್ಲ ನಗದು ಪುಸ್ತಕ, ವೋಚರ್, ಟೆಂಡರ್ ಕಡತ. ನೋಡಿದ ಕಾಗದಗಳಲ್ಲಿ ಮುಕ್ಕಾಲು ಪಾಲು ಮರೆತುಹೋಗಿವೆ. 2019ರಲ್ಲಿ ಒಂದು ಜಿಲ್ಲಾ ಕಚೇರಿಯಲ್ಲಿ ಬಿಚ್ಚಿ, ಮತ್ತೆ ಕಟ್ಟಿ ಪಕ್ಕಕ್ಕಿಟ್ಟ ಒಂದು ಕಟ್ಟು ಮಾತ್ರ ಮರೆತಿಲ್ಲ. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಅದರ ಕಥೆ ಗೊತ್ತಿರಬೇಕು ಎಂದು ಬರೆಯುತ್ತಿದ್ದೇನೆ.

ಆ ವರ್ಷ ನಮಗೆ ವಹಿಸಿದ್ದು ಕಟ್ಟಡ ಕಾರ್ಮಿಕರ ಸೆಸ್ ಹಣದ ಪರಿಶೀಲನೆ. 1996ರಲ್ಲಿ ಸಂಸತ್ತು ಈ ಕಾರ್ಮಿಕರಿಗಾಗಿ ಎರಡು ಕಾಯ್ದೆಗಳನ್ನು ಮಾಡಿತು. ಆಗಿನ ನಿಯಮದಂತೆ ಕಟ್ಟಡ ಕಟ್ಟಿಸುವವರು ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಬೇಕಿತ್ತು. 10 ಲಕ್ಷ ರೂಪಾಯಿಯೊಳಗಿನ ಸ್ವಂತ ಮನೆಗೆ ವಿನಾಯಿತಿ ಇತ್ತು. ಹಣ ರಾಜ್ಯದ ಕಲ್ಯಾಣ ಮಂಡಳಿಗೆ ಸೇರುತ್ತದೆ. ಮಂಡಳಿ ಅದನ್ನು ನೋಂದಾಯಿತ ಕಾರ್ಮಿಕರ ಪಿಂಚಣಿ, ಅಪಘಾತ ಪರಿಹಾರ, ಹೆರಿಗೆ ಸಹಾಯ, ಮಕ್ಕಳ ಓದಿಗೆ ಬಳಸಬೇಕು. 18ರಿಂದ 60ರೊಳಗಿನ ವಯಸ್ಸಿನವರು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ನೋಂದಣಿಗೆ ಅರ್ಹರು. ಈ 90 ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಇದು ಸದನದ ಕಣ್ಣಿಗೆ ಸುಲಭವಾಗಿ ಬೀಳುವ ಹಣವಲ್ಲ. ಇಲಾಖೆಗಳ ಖರ್ಚಿಗೆ ವರ್ಷವರ್ಷವೂ ಬೇಡಿಕೆ ಮಂಡಿಸಿ ಮತ ಪಡೆಯಬೇಕು. ಸೆಸ್ ಮಾತ್ರ ಮಂಡಳಿಯ ನಿಧಿಗೆ ಹೋಗಿ ಅಲ್ಲಿಯೇ ಬೆಳೆಯುತ್ತದೆ. ಹಾಗಾಗಿ ಅದರ ಮೇಲಿನ ನಿಗಾ ಬಹುಮಟ್ಟಿಗೆ ನಮ್ಮ ವರದಿಯ ಮೇಲೆ ನಿಂತಿದೆ. ಮಹಾಲೆಕ್ಕಪರಿಶೋಧಕರ ವರದಿ ಸಂವಿಧಾನದ 151ನೆಯ ವಿಧಿಯಂತೆ ಕೇಂದ್ರದ್ದಾದರೆ ರಾಷ್ಟ್ರಪತಿಗೆ, ರಾಜ್ಯದ್ದಾದರೆ ರಾಜ್ಯಪಾಲರಿಗೆ ಹೋಗಿ ಸದನದಲ್ಲಿ ಮಂಡನೆಯಾಗುತ್ತದೆ. ಅಲ್ಲಿಂದ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ. ಸಂಸತ್ತಿನ ಈ ಸಮಿತಿ 1921ರಷ್ಟು ಹಳೆಯದು. 22 ಸದಸ್ಯರ ಸಮಿತಿಯಲ್ಲಿ ಸಚಿವರಿಗೆ ಜಾಗವಿಲ್ಲ, 1967ರಿಂದ ಅಧ್ಯಕ್ಷತೆ ವಿರೋಧ ಪಕ್ಷದವರದು. ರಾಜ್ಯಗಳಲ್ಲಿಯೂ ಇಂಥದೇ ಸಮಿತಿಗಳಿವೆ. ಇಲಾಖೆಯ ಕಾರ್ಯದರ್ಶಿಯನ್ನೇ ಎದುರಿಗೆ ಕೂರಿಸಿ ಪ್ರಶ್ನೆ ಕೇಳುವ ಅಧಿಕಾರ ಅವಕ್ಕಿದೆ. ಆದರೆ ಆ ಪ್ರಶ್ನೆಗೆ ಬೇಕಾದ ಸಾಮಗ್ರಿ ಹೋಗಬೇಕಾದದ್ದು ನಮ್ಮಂಥವರ ಮೇಜಿನಿಂದ.

2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಈ ಸೆಸ್ ಬಗ್ಗೆ ಕಟುವಾದ ತೀರ್ಪು ಕೊಟ್ಟಿತ್ತು. ದೇಶದಾದ್ಯಂತ 37,400 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಗಿ, ಕಾರ್ಮಿಕರ ಹೆಸರಿನಲ್ಲಿ ಖರ್ಚಾದದ್ದು ಸುಮಾರು 9,500 ಕೋಟಿ. ಉಳಿದ ಸುಮಾರು 28,000 ಕೋಟಿ ಏಕೆ ಬಳಕೆಯಾಗಿಲ್ಲ ಎಂದು ನ್ಯಾಯಾಲಯ ಕೇಳಿತ್ತು. ಕಾರ್ಮಿಕರ ಹಣದಲ್ಲಿ ವಾಷಿಂಗ್ ಮೆಷಿನ್, ಲ್ಯಾಪ್‌ಟಾಪ್ ಖರೀದಿಸಿದ ಸಂಗತಿಯೂ ಅದೇ ಪ್ರಕರಣದಲ್ಲಿ ಹೊರಬಂದಿತ್ತು. ಅದೇ ವರ್ಷ ಸಂಸತ್ತಿನ ಕಾರ್ಮಿಕ ಸ್ಥಾಯಿ ಸಮಿತಿಯೂ ಸೆಸ್ ಬಳಕೆಯನ್ನು ಪರಿಶೀಲಿಸಿತ್ತು. ಪತ್ರಿಕೆಗಳು ಎತ್ತಿ ಹಿಡಿದದ್ದು ವಾಷಿಂಗ್ ಮೆಷಿನ್‌ಗಳನ್ನು. ನಮ್ಮ ಮನಸ್ಸಿನಲ್ಲಿ ಕೂತದ್ದೂ ಅವೇ. ನಿಜ ಹೇಳಬೇಕೆಂದರೆ ನಾವು ಆ ಜಿಲ್ಲೆಗೆ ಹೊರಟದ್ದು ವಾಷಿಂಗ್ ಮೆಷಿನ್ ಹುಡುಕಿಕೊಂಡು.

ಮೊದಲ ಎರಡು ವಾರ ಕೆಲಸ ಚೆನ್ನಾಗಿಯೇ ನಡೆಯಿತು. ನಮ್ಮಲ್ಲಿ ಆಕ್ಷೇಪಣೆ ಬರೆಯುವ ಕಾಗದಕ್ಕೆ ಹಾಫ್ ಮಾರ್ಜಿನ್ ಎನ್ನುತ್ತೇವೆ. ಹಾಳೆಯನ್ನು ಉದ್ದಕ್ಕೆ ಮಡಚಿ, ಒಂದು ಅರ್ಧದಲ್ಲಿ ನಾವು ಪ್ರಶ್ನೆ ಬರೆದು ಕೊಡುವುದು, ಇನ್ನೊಂದು ಅರ್ಧದಲ್ಲಿ ಕಚೇರಿಯವರು ಉತ್ತರ ಬರೆದು ಸಹಿ ಹಾಕಿ ಹಿಂದಿರುಗಿಸುವುದು. ತಡವಾಗಿ ಜಮೆಯಾದ ಸೆಸ್, ಪ್ರಚಾರಕ್ಕೆ ಮಾಡಿದ ಖರ್ಚು, ಬಡ್ಡಿ ಲೆಕ್ಕದ ವ್ಯತ್ಯಾಸ ಎಂದು ದಿನಕ್ಕೆ ನಾಲ್ಕೈದು ಹಾಫ್ ಮಾರ್ಜಿನ್ ಹೋಗುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಮೊತ್ತ ಇತ್ತು. ನಮ್ಮ ವೃತ್ತಿಯಲ್ಲಿ ಒಂದು ಪ್ಯಾರಾದ, ಅಂದರೆ ವರದಿಗೆ ಹೋಗುವ ಒಂದೊಂದು ಆಕ್ಷೇಪಣೆಯ ತೂಕವನ್ನು ಅಳೆಯುವುದು ಅದರ ಮೊತ್ತದಿಂದ. ಎಷ್ಟು ಲಕ್ಷದ ಪ್ಯಾರಾ, ಎಷ್ಟು ಕೋಟಿಯ ಪ್ಯಾರಾ ಎಂದೇ ಮಾತು.

ಮೂರನೆಯ ವಾರ, ಒಂದು ಕಡತಕ್ಕಾಗಿ ದಾಖಲೆ ಕೊಠಡಿಗೆ ಹೋದಾಗ ಕಿಟಕಿಯ ಕೆಳಗೆ ಆ ಕಟ್ಟು ಕಾಣಿಸಿತು. ಒಬ್ಬರು ಎತ್ತಲಾಗದಷ್ಟು ದಪ್ಪ, ಸುತಳಿ ದಾರದಲ್ಲಿ ಅಡ್ಡ ಉದ್ದ ಬಿಗಿದಿದ್ದರು, ಮೇಲೊಂದು ಚೀಟಿ: ‘ತಿರಸ್ಕೃತ’. ಕುತೂಹಲಕ್ಕೆ ದಾರ ಬಿಚ್ಚಿದೆ. ನೋಂದಣಿಗೆ, ನವೀಕರಣಕ್ಕೆ ಬಂದ ಅರ್ಜಿಗಳು. ಮೊದಲ ಅರ್ಜಿಯಲ್ಲಿ ಫೋಟೊಗೆ ಚುಚ್ಚಿದ್ದ ಗುಂಡುಪಿನ್ನು ತುಕ್ಕು ಹಿಡಿದು, ಆ ಮನುಷ್ಯನ ಹಣೆಯ ಮೇಲೆ ಕಂದು ಕಲೆ ಬಿದ್ದಿತ್ತು. ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟು. ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ‘90 ದಿನದ ಪ್ರಮಾಣಪತ್ರ ಇಲ್ಲ’. ಎರಡನೆಯದರಲ್ಲಿ ‘ವಿಳಾಸ ಬೇರೆ ಜಿಲ್ಲೆ’. ಮೂರನೆಯದರಲ್ಲಿ ಮತ್ತೆ ‘90 ದಿನ ಇಲ್ಲ’. ವಿಳಾಸದ ಸಾಲಿನಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯ ಹಳ್ಳಿಗಳು. ನಡುನಡುವೆ ಬಿಹಾರ, ಒಡಿಶಾ. ಹತ್ತಿಪ್ಪತ್ತು ಹಾಳೆ ತಿರುವಿ ನೋಡಿದೆ. ವೋಚರ್ ಇಲ್ಲ, ಪಾವತಿ ಇಲ್ಲ, ಮೊತ್ತ ಇಲ್ಲ. ಹಣವನ್ನೇ ಕೊಟ್ಟಿಲ್ಲವೆಂದ ಮೇಲೆ ಆಡಿಟ್ ಮಾಡುವುದು ಯಾವುದನ್ನು? ದಾರ ಕಟ್ಟಿ ಅಲ್ಲಿಯೇ ಇಟ್ಟು, ಬೇಕಿದ್ದ ಕಡತ ಹಿಡಿದು ಹೊರಗೆ ಬಂದೆ.

ಅದೇ ವಾರ ಒಂದು ವಸತಿ ಸಮುಚ್ಚಯದ ಕಾಮಗಾರಿಯಲ್ಲಿ ಜಂಟಿ ಸ್ಥಳ ತಪಾಸಣೆ ಇತ್ತು. ಸೆಸ್ ಲೆಕ್ಕ ಹಾಕಿದ ವಿಸ್ತೀರ್ಣ ಸರಿಯಿದೆಯೇ ಎಂದು ನೋಡುವುದಷ್ಟೇ ಕೆಲಸ. ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು. ಒಂದರ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸನ್ನು, “ಲೇಬರ್ ಕಾರ್ಡ್ ಇದೆಯೇನಮ್ಮಾ?” ಎಂದು ಕೇಳಿದೆ. ಮಂಡಳಿಯಲ್ಲಿ ನೋಂದಾಯಿತರಾದವರಿಗೆ ಕೊಡುವ ಕಾರ್ಡ್ ಅದು. ಆಕೆ ಒಳಗೆ ಹೋಗಿ ಅಕ್ಕಿ ಡಬ್ಬಿಯೊಳಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಆಧಾರ್, ರೇಷನ್ ಕಾರ್ಡ್, ಅವಧಿ ಮುಗಿದ ಲೇಬರ್ ಕಾರ್ಡ್. ಎಲ್ಲದಕ್ಕೂ ಅಕ್ಕಿಯ ಬಿಳಿ ಹುಡಿ ಅಂಟಿತ್ತು.

“ಮತ್ತೆ ಮಾಡಿಸಲಿಲ್ಲವೇ?”

“ತೊಂಬತ್ತು ದಿನ ಕೆಲಸ ಮಾಡಿದ್ದಕ್ಕೆ ಬರೆಸಿಕೊಂಡು ಬಾ ಎನ್ನುತ್ತಾರೆ ಅಕ್ಕಾ. ಯಾರ ಹತ್ತಿರ ಬರೆಸಲಿ? ಒಂದು ಕಡೆ ನಲವತ್ತು ದಿನ, ಇನ್ನೊಂದು ಕಡೆ ಒಂದು ತಿಂಗಳು, ಹೀಗೇ ಊರೂರು. ಆಮೇಲೆ ಊರಿಗೆ ಹೋಗಿ ಬಿತ್ತಿ ಬಂದೆವು. ಆ ಮೇಸ್ತ್ರಿ ಈಗ ಎಲ್ಲಿದ್ದಾನೋ ಏನೋ.”

ವರ್ಷಕ್ಕೆ ಎಂಟು ತಿಂಗಳು ಇಟ್ಟಿಗೆ ಹೊತ್ತವರ ಮಾತು ಇದು. ಗುಳೆ ಹೋಗುವವರ ಕೆಲಸಕ್ಕೆ ಕೊರತೆಯಿಲ್ಲ. ಅದಕ್ಕೆ ಸಹಿ ಹಾಕಿಕೊಡುವ ಒಬ್ಬ ಮನುಷ್ಯ ಸಿಗುವುದಿಲ್ಲ. ಕಾಯ್ದೆ ಕಾರ್ಮಿಕರಿಗೆಂದೇ ಹುಟ್ಟಿದ್ದು, ಅದರ ಬಾಗಿಲಿನ ಅಳತೆ ಮಾತ್ರ ಒಂದೇ ಊರಿನಲ್ಲಿ ಒಬ್ಬನೇ ಗುತ್ತಿಗೆದಾರನ ಕೈಕೆಳಗೆ ಇರುವವರಿಗೆ ಹೊಂದುವಂಥದ್ದು. ದಾಖಲೆ ಕೊಠಡಿಯ ಕಟ್ಟಿಗೂ ಈ ಅಕ್ಕಿ ಡಬ್ಬಿಗೂ ಇರುವ ನಂಟು ಆ ಕ್ಷಣದಲ್ಲಿ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ತಪಾಸಣಾ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ವಿಸ್ತೀರ್ಣ ಬರೆದುಕೊಂಡು, ಎಂಜಿನಿಯರ್ ಸಹಿ ಪಡೆದು ಹೊರಟೆ.

2020ರ ಫೆಬ್ರುವರಿಯಲ್ಲಿ ನನ್ನ ಕರಡು ಪ್ಯಾರಾಗಳು ಹಿರಿಯ ಅಧಿಕಾರಿಯ ಮುಂದೆ ಹೋದವು. ಅವರು ಎಲ್ಲವನ್ನೂ ಓದಿ, ಪೆನ್ನಿನ ಮುಚ್ಚಳ ಹಾಕಿ, “ಇವುಗಳಲ್ಲಿ ಮನುಷ್ಯರೇ ಇಲ್ಲವಲ್ಲಮ್ಮಾ. ಹಣ ಉಳಿದಿದೆ ಎಂದು ಬರೆದಿದ್ದೀರಿ. ಯಾರಿಗೆ ಸಿಗದೆ ಉಳಿಯಿತು?” ಎಂದರು.

“ತಿರಸ್ಕೃತ ಅರ್ಜಿಗಳ ಕಟ್ಟೊಂದನ್ನು ನೋಡಿದ್ದೆ ಸರ್.”

“ಪ್ರತಿ ತೆಗೆದಿದ್ದೀರಾ?”

ತೆಗೆದಿರಲಿಲ್ಲ. ನಮ್ಮಲ್ಲಿ ಪ್ರತಿಯೊಂದು ವಾಕ್ಯದ ಹಿಂದೆಯೂ ಒಂದು ದಾಖಲೆ ಇರಬೇಕು. ಕೀ ಡಾಕ್ಯುಮೆಂಟ್ ಎನ್ನುತ್ತೇವೆ. ಅದಿಲ್ಲದೆ ‘ನಾನು ನೋಡಿದ್ದೆ’ ಎಂಬ ಮಾತಿಗೆ ಕವಡೆ ಬೆಲೆಯಿಲ್ಲ. ಮತ್ತೆ ಹೋಗಿ ಬನ್ನಿ ಎಂದರು. ಮಾರ್ಚ್ ಕೊನೆಯ ವಾರಕ್ಕೆ ಪ್ರವಾಸ ನಿಗದಿಯಾಯಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

ಅದರ ಹಿಂದಿನ ದಿನ ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಗಳಿಗೆ ಸೂಚನೆ ಕಳುಹಿಸಿತ್ತು: ಸೆಸ್ ನಿಧಿಯಿಂದ ಕಟ್ಟಡ ಕಾರ್ಮಿಕರ ಖಾತೆಗೆ ನೇರವಾಗಿ ಹಣ ಹಾಕಿ, ಸುಮಾರು 52,000 ಕೋಟಿ ರೂಪಾಯಿ ಲಭ್ಯವಿದೆ, ಸುಮಾರು 3.5 ಕೋಟಿ ಕಾರ್ಮಿಕರು ನೋಂದಾಯಿತರು. ಕರ್ನಾಟಕದಲ್ಲಿ ಮೊದಲು 2,000, ಮೇ 6ರಂದು ಇನ್ನೂ 3,000 ರೂಪಾಯಿ ಘೋಷಣೆಯಾಯಿತು. ಒಳ್ಳೆಯ ಕೆಲಸ, ಎಷ್ಟೋ ಮನೆಗಳ ಒಲೆ ಉರಿಸಿದ ಹಣ. ಆದರೆ ಹಣ ಹೋಗುವುದು ಪಟ್ಟಿಯಲ್ಲಿ ಇರುವವರ ಖಾತೆಗೆ. ಅದೇ ಮೇ ತಿಂಗಳಿನಲ್ಲಿ ಗಂಟುಮೂಟೆ ಹೊತ್ತು ರೈಲಿಗಾಗಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನೆರೆದ ಜನರನ್ನು ಟಿವಿಯಲ್ಲಿ ನೋಡುತ್ತಾ ಕೂತಿದ್ದೆ. ಮುಖಗಳನ್ನು ನೋಡಿದಷ್ಟೂ ನನಗೆ ಕಂಡದ್ದು ಹಣೆಯ ಮೇಲೆ ತುಕ್ಕಿನ ಕಲೆಯಿದ್ದ ಆ ಫೋಟೊ. ಆ ಕಟ್ಟಿನಲ್ಲಿದ್ದ ಎಷ್ಟು ಜನರಿಗೆ ಆ ಹಣ ಸಿಗಬೇಕಿತ್ತು, ಎಷ್ಟು ಜನರಿಗೆ ತಪ್ಪಿತು? ಅಂದು ಒಂದು ದಿನ ಕೂತು ಎಣಿಸಿದ್ದರೆ ಹೇಳಬಹುದಿತ್ತು.

ಸೆಪ್ಟೆಂಬರ್‌ನಲ್ಲಿ ಲೋಕಸಭೆ ಸೇರಿತು. ಊರಿಗೆ ಮರಳಿದ ವಲಸೆ ಕಾರ್ಮಿಕರು ಎಷ್ಟು ಎಂಬುದಕ್ಕೆ 1.04 ಕೋಟಿಗೂ ಹೆಚ್ಚು ಎಂದು ಸರ್ಕಾರ ಉತ್ತರಿಸಿತು. ದಾರಿಯಲ್ಲಿ ಸತ್ತವರು ಎಷ್ಟು ಎಂಬುದಕ್ಕೆ ಅಂಥ ಅಂಕಿಅಂಶ ಇಟ್ಟಿಲ್ಲ ಎಂಬ ಉತ್ತರ ಬಂತು. ಅಂಕಿಅಂಶವೇ ಇಲ್ಲದ ಮೇಲೆ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದೂ. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ. ದೇಶದ ಅತಿ ದೊಡ್ಡ ಸದನ ನೇರವಾಗಿ ಕೇಳಿದರೂ, ಕೆಳಗೆ ಯಾರೂ ಎಣಿಸಿಲ್ಲವಾದರೆ ಪ್ರಶ್ನೆ ಅಲ್ಲಿಗೇ ನಿಂತುಹೋಗುತ್ತದೆ. ಎಣಿಸಬೇಕಾಗಿದ್ದವರಲ್ಲಿ, ನನ್ನ ಮಟ್ಟಿಗೆ, ನಾನೂ ಒಬ್ಬಳಾಗಿದ್ದೆ.

ವರ್ಷದ ಕೊನೆಗೆ ಆ ಕಚೇರಿಗೆ ಮತ್ತೆ ಹೋದೆ. ಕೊಠಡಿಗೆ ಸುಣ್ಣ ಬಳಿದಿದ್ದರು. ಕಿಟಕಿಯ ಕೆಳಗೆ ಏನೂ ಇರಲಿಲ್ಲ. ಹಳೆಯ ಕಾಗದಗಳನ್ನು ವಿಲೇವಾರಿ ಮಾಡಿದರಂತೆ. ಯಾವುವು ಹೋದವು ಎಂಬುದಕ್ಕೆ ಪಟ್ಟಿ ಇರಲಿಲ್ಲ. ಹಾಫ್ ಮಾರ್ಜಿನ್ ಕೊಟ್ಟೆ. ‘ಲಭ್ಯವಿಲ್ಲ’ ಎಂದು ಉತ್ತರ ಬಂತು. ನನ್ನ ಪ್ಯಾರಾ ಕೊನೆಗೆ ಮೊತ್ತದ ಜೊತೆ ಹೋಯಿತು, ಮನುಷ್ಯರಿಲ್ಲದೆ.

ಆಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಯಾವ ಕಚೇರಿಗೆ ಹೋದರೂ ಮೊದಲ ದಿನದ ಬೇಡಿಕೆ ಪತ್ರದಲ್ಲಿ ನಗದು ಪುಸ್ತಕಕ್ಕಿಂತ ಮೇಲೆ ತಿರಸ್ಕೃತ ಅರ್ಜಿಗಳನ್ನು ಬರೆಯತೊಡಗಿದೆ. ಇಷ್ಟು ವರ್ಷ ಕೇಳಿಯೇ ಇರದ ಇನ್ನೊಂದು ಲೆಕ್ಕವನ್ನೂ ಕೇಳಲು ಕಲಿತೆ: ಒಂದು ತಾಲ್ಲೂಕಿನಿಂದ ಬಂದ ಸೆಸ್ ಎಷ್ಟು, ಅದೇ ತಾಲ್ಲೂಕಿನಲ್ಲಿ ನೋಂದಾಯಿತ ಕಾರ್ಮಿಕರು ಎಷ್ಟು? ಇವೆರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟರೆ ಸಾಕು. ಎಲ್ಲಿ ಕಟ್ಟಡಗಳಿವೆ, ಕಟ್ಟಿದ ಕೈಗಳಿಲ್ಲ ಎಂಬುದು ಎದ್ದು ಕಾಣುತ್ತದೆ. ಕಾರ್ಡ್ ಇರುವವರೆಲ್ಲ ಕಾರ್ಮಿಕರೇ ಎಂಬ ಪ್ರಶ್ನೆಯೂ ಅದೇ ಹಾಳೆಯಿಂದ ಏಳುತ್ತದೆ; ಎರಡೂ ಕಡೆಯ ತಪ್ಪಿಗೆ ಕಷ್ಟ ಪಡುವವರು ನಿಜವಾದ ಕಾರ್ಮಿಕರೇ.

ಇದು ನನ್ನೊಬ್ಬಳ ಹಟವಲ್ಲ ಎಂಬ ಧೈರ್ಯ ಬಂದದ್ದು 2023ರಲ್ಲಿ. ಆಯುಷ್ಮಾನ್ ಭಾರತ್ ಯೋಜನೆಯ ಮೇಲಿನ ಮಹಾಲೆಕ್ಕಪರಿಶೋಧಕರ ವರದಿ ಸಂಸತ್ತಿನಲ್ಲಿ ಮಂಡನೆಯಾಯಿತು. ಹತ್ತು ಒಂಬತ್ತುಗಳ ಒಂದೇ ಮೊಬೈಲ್ ಸಂಖ್ಯೆಗೆ ಸುಮಾರು 7.5 ಲಕ್ಷ ಫಲಾನುಭವಿಗಳ ಹೆಸರು ಜೋಡಣೆಯಾಗಿತ್ತು ಎಂಬ ಅಂಶ ದೇಶದ ಎಲ್ಲ ಪತ್ರಿಕೆಗಳಲ್ಲಿಯೂ ಬಂತು. ಅದನ್ನು ಹಿಡಿದವರು ಬಿಲ್ಲುಗಳ ಜೊತೆಗೆ ಫಲಾನುಭವಿಗಳ ಪಟ್ಟಿಯನ್ನೂ ಓದಿದ್ದರು.

ನಿವೃತ್ತಿಗೆ ಮೊದಲಿನ ನನ್ನ ಕೊನೆಯ ಪಾರ್ಟಿಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಇದ್ದಳು. ಬೇಡಿಕೆ ಪತ್ರ ನೋಡಿದ ಕಚೇರಿಯ ಗುಮಾಸ್ತರು, “ಇವೂ ಬೇಕೇ ಮೇಡಂ? ಇವಕ್ಕೆ ಹಣವನ್ನೇ ಕೊಟ್ಟಿಲ್ಲ” ಎಂದು ಎರಡು ಸಲ ಕೇಳಿ, ಮೂರು ಕಟ್ಟುಗಳನ್ನು ತಂದು ಮೇಜಿನ ಮೇಲೆ ಇಟ್ಟರು. ಆಕೆ ಒಂದು ಹಾಳೆಗೆ ಗೆರೆ ಹಾಕಿದಳು: ಊರು, ಕೆಲಸ, ತಿರಸ್ಕಾರದ ಕಾರಣ, ಮತ್ತೆ ಅರ್ಜಿ ಹಾಕಿದ್ದಾರೆಯೇ. ನಾನು ಓದಿ ಹೇಳುತ್ತಾ ಹೋದೆ, ಆಕೆ ಬರೆದುಕೊಂಡಳು. ಪ್ರತಿ ಹತ್ತಕ್ಕೊಂದರಂತೆ ಜೆರಾಕ್ಸ್‌ಗೆ ತೆಗೆದಿಟ್ಟೆವು. ಸಂಜೆ ಆರಕ್ಕೆ ಕಾವಲುಗಾರರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಾಗ ಎರಡನೆಯ ಕಟ್ಟಿನ ಅರ್ಧಕ್ಕೆ ಬಂದಿದ್ದೆವು. ನಿಲ್ಲಿಸಿದ ಕಡೆ ಗುರುತಿಗೆ ಒಂದು ಚೀಟಿ ಇಟ್ಟು, ಮೂರೂ ಕಟ್ಟುಗಳನ್ನು ನಮ್ಮ ಬೀರುವಿಗೆ ಸೇರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಆಕೆಯ ಕೈಗೆ ಕೊಟ್ಟೆ.