ಸೊಂಟ ಹಿಡಿದ ಮೇಲೆ ಬಂದ ಬುದ್ಧಿ

ನನ್ನ ಆಸ್ಪತ್ರೆಯ ಐಡಿ ಕಾರ್ಡಿನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಅಂತಿದೆ. ಕರೆಯುವುದು ಮಾತ್ರ ಆಯಮ್ಮ ಅಂತಲೇ. ಹೋದ ವರ್ಷ ಒಬ್ಬ ಭಾರಿ ಆಸಾಮಿಯನ್ನು ಒಬ್ಬಳೇ ಮಗ್ಗುಲು ತಿರುಗಿಸಲು ಹೋಗಿ ಸೊಂಟ ಹಿಡಿದುಕೊಂಡಿತು. ಯಶವಂತಪುರದಲ್ಲಿ ಬಸ್ಸಿನ ಮೆಟ್ಟಿಲು ಹತ್ತಲೂ ಆಗಲಿಲ್ಲ. ಈಗ ಮೊದಲು ಮಂಚಕ್ಕೆ ಬ್ರೇಕ್ ಹಾಕಿ, ನನ್ನ ಸೊಂಟದ ಮಟ್ಟಕ್ಕೆ ಏರಿಸುತ್ತೇನೆ. ರೋಗಿಯ ಕೆಳಗೆ ಅಡ್ಡಲಾಗಿ ಹಾಸಿದ ಬಟ್ಟೆಯನ್ನು (ಡ್ರಾಶೀಟ್) ಎರಡೂ ಕಡೆ ಸುರುಳಿ ಸುತ್ತಿ, ಆ ಕಡೆ ಇನ್ನೊಬ್ಬರು ಹಿಡಿದ ಮೇಲೇ 'ಒಂದು, ಎರಡು, ಮೂರು'. ಯಾರೂ ಬರದಿದ್ದರೆ ಸುಮ್ನೆ ಕಾಯುತ್ತೇನೆ. ಸಿಸ್ಟರ್ ಬೈದರೂ ಸರಿ.

ಈ ಕೆಲಸದವರು ಹಾಕಿಸಿಕೊಳ್ಳಬೇಕಾದ ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ಸೋಂಕು) ಲಸಿಕೆ 3 ಡೋಸ್. ಮೊದಲನೆಯದು ಹಾಕಿಸಿಕೊಂಡ 1 ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಕೊನೆಯದು. ಆ ಕೊನೆಯದನ್ನು ನಾನೂ ಮರೆತಿದ್ದೆ.

ನೈಟ್ ಡ್ಯೂಟಿಗೆ ಡಬ್ಬಿಯಲ್ಲಿ ಮುದ್ದೆ ಸರಿಹೋಗಲ್ಲ, ಅಲ್ವಾ? ರಾಗಿ ರೊಟ್ಟಿ, ಹುರುಳಿಕಾಳಿನ ಪಲ್ಯ. ಬೆಳಗ್ಗೆ ಕಿಟಕಿಗೆ ಹಳೇ ಸೀರೆ ಕಟ್ಟಿ ಮಲಗುತ್ತೇನೆ. ತರಕಾರಿ ಗಾಡಿಯವನ ಸ್ಪೀಕರಿಗೆ ಮಾತ್ರ ಇನ್ನೂ ಮದ್ದು ಸಿಕ್ಕಿಲ್ಲ.