ಕ್ಯಾರಿಬೂ ಉಳಿಯಲು ತೋಳ ಸಾಯಲೇಬೇಕೇ?

ಕೆನಡಾದ ಕ್ಯಾರಿಬೂ ಎಂಬ ಸಾರಂಗದ ಬಗ್ಗೆ ಬರೆದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆ ಒಂದೇ: "ಒಂದು ಪ್ರಾಣಿಯನ್ನು ಉಳಿಸಲು ಇನ್ನೊಂದನ್ನು ಹೆಲಿಕಾಪ್ಟರಿನಿಂದ ಗುಂಡಿಟ್ಟು ಕೊಲ್ಲುವುದು ಯಾವ ನ್ಯಾಯ? ಅದರಿಂದ ಉಪಯೋಗವಾದರೂ ಇದೆಯೇ?" ಬ್ರಿಟಿಷ್ ಕೊಲಂಬಿಯಾ ಮತ್ತು ಆಲ್ಬರ್ಟಾ ಪ್ರಾಂತ್ಯಗಳ ಸರ್ಕಾರಗಳು ಚಳಿಗಾಲದಲ್ಲಿ ಮಾಡಿಸುತ್ತಾ ಬಂದಿರುವ ಕೆಲಸ ಇದು. ಉಪಯೋಗ ಇದೆ, ಲೆಕ್ಕವೂ ಇದೆ. ನ್ಯಾಯ ಇದೆಯೇ ಎಂಬುದು ಅದೇ ಸರ್ಕಾರ ಅದೇ ಕಾಡನ್ನು ಹೇಗೆ ನಡೆಸಿಕೊಳ್ಳುತ್ತಿದೆ ಎಂಬುದರ ಮೇಲೆ ನಿಂತಿದೆ.

ಕ್ಯಾರಿಬೂ, ಯುರೋಪಿನ ಹಿಮಸಾರಂಗ ಎರಡೂ ಒಂದೇ ಜಾತಿ. ಕಾಡಿನ ಕ್ಯಾರಿಬೂಗೆ ಚಳಿಗಾಲದ ಮೇವು ಕಲ್ಲುಹೂವು, ನಮ್ಮ ಮಸಾಲೆ ಡಬ್ಬಿಯಲ್ಲಿರುವುದರ ದೂರದ ನೆಂಟ. ನೆಲದ ಮೇಲೋ ಮುದಿ ಮರದ ಕೊಂಬೆಗಳಲ್ಲೋ ಅದು ಹೊಟ್ಟೆ ತುಂಬುವಷ್ಟು ಬೆಳೆಯಬೇಕಾದರೆ ಕಾಡಿಗೆ 60–80 ವರ್ಷವಾದರೂ ಆಗಿರಬೇಕು. ಇಂಥ ಹಳೆಯ ಕಾಡಿನಲ್ಲಿ ಬೇರೆ ದೊಡ್ಡ ಪ್ರಾಣಿಗಳಿಗೆ ಹೆಚ್ಚು ಮೇವಿಲ್ಲ. ಹಾಗಾಗಿ ತೋಳವೂ ಅಲ್ಲಿ ವಿರಳ. ಕ್ಯಾರಿಬೂ ಇಷ್ಟು ಕಾಲ ಬದುಕಿದ್ದು ಈ ಬಡ ಕಾಡಿನ ಆಸರೆಯಲ್ಲಿ.

ಮರ ಕಡಿದ ಜಾಗದಲ್ಲಿ ಎಳೆ ಪೊದೆ, ಚಿಗುರು ಏಳುತ್ತದೆ. ಅದನ್ನು ಮೇಯಲು ಮೂಸ್ ಎಂಬ ಭಾರೀ ಗಾತ್ರದ ಸಾರಂಗ ಮತ್ತು ಜಿಂಕೆ ಬರುತ್ತವೆ, ಅವುಗಳ ಬೆನ್ನಿಗೆ ತೋಳ. ಮೂಸ್ ಅವಳಿ ಕರು ಹಾಕಬಲ್ಲದು. ಕ್ಯಾರಿಬೂ ಹಾಕುವುದು ವರ್ಷಕ್ಕೆ ಒಂದೇ, ಅದೂ ಎರಡು ಮೂರು ವರ್ಷ ತುಂಬಿದ ಮೇಲೆ. ತೋಳದ ಸಂಸಾರ ನಡೆಯುವುದು ಮೂಸ್ ಮಾಂಸದಿಂದ. ಕ್ಯಾರಿಬೂ ಅದಕ್ಕೆ ದಾರಿಯಲ್ಲಿ ಸಿಕ್ಕ ತುತ್ತು. ಇಲ್ಲಿಯೇ ಎಲ್ಲ ಕೆಡುವುದು: ಕ್ಯಾರಿಬೂ ಕಡಿಮೆಯಾದರೆ ತೋಳ ಉಪವಾಸ ಬೀಳುವುದಿಲ್ಲ, ಆದ್ದರಿಂದ ಕೊನೆಯ ಕ್ಯಾರಿಬೂ ಹೋಗುವವರೆಗೂ ಬೇಟೆ ನಿಲ್ಲುವುದಿಲ್ಲ.

ಇದರ ಮೇಲೆ ಸೈಸ್ಮಿಕ್ ಲೈನ್‌ಗಳು. ತೈಲ, ಅನಿಲ ಹುಡುಕಲು ಕಾಡಿನ ನಡುವೆ ದಾರದಂತೆ ನೇರವಾಗಿ ಕಡಿದ, ಐದಾರು ಮೀಟರ್ ಅಗಲದ ಸೀಳುಗಳು ಇವು. ಹುಡುಕಾಟ ಮುಗಿದು ದಶಕಗಳಾದರೂ ಅನೇಕ ಕಡೆ ಮರ ಮತ್ತೆ ಎದ್ದಿಲ್ಲ. ದಟ್ಟ ಕಾಡಿನಲ್ಲಿ ತಡವರಿಸಿಕೊಂಡು ನಡೆಯುವ ತೋಳ ಈ ಲೈನಿನ ಮೇಲೆ ಎರಡು ಮೂರು ಪಟ್ಟು ವೇಗದಲ್ಲಿ ಸಾಗುತ್ತದೆ.

ಇನ್ನು ತೋಳ ಇಳಿಸುವ, ಅಂದರೆ ಕೊಂದು ಸಂಖ್ಯೆ ತಗ್ಗಿಸುವ ಕೆಲಸ. ಇದು ನಡೆಯುವುದು ಹಿಮ ಬಿದ್ದಿರುವಾಗ; ಹೆಜ್ಜೆ ಕಾಣಬೇಕು, ಪ್ರಾಣಿ ಬಯಲಿನಲ್ಲಿ ಸಿಗಬೇಕು. ಮೊದಲು ಒಂದು ತೋಳವನ್ನು ಬಲೆ ಹಾರಿಸಿ ಹಿಡಿದು ರೇಡಿಯೋ ಕೊರಳಪಟ್ಟಿ ಕಟ್ಟಿ ಬಿಡುತ್ತಾರೆ. ಅದು ಗುಂಪು ಸೇರಿದ ಮೇಲೆ ಸಂಕೇತ ಹಿಡಿದು ಹೋಗಿ ಉಳಿದವನ್ನು ಕೊಲ್ಲುತ್ತಾರೆ, ಪಟ್ಟಿಯದನ್ನು ಬಿಡುತ್ತಾರೆ. ಅದು ಹೊಸ ಜೊತೆ ಹುಡುಕಿಕೊಂಡು ಹೋದಲ್ಲಿಗೆ ಮತ್ತೆ ಹೆಲಿಕಾಪ್ಟರ್. ಓದಲು ಹಿಂಸೆಯಾಗುತ್ತದೆ ಎಂದು ಗೊತ್ತು. ಆದರೆ ಬೆಂಬಲಿಸುವವರಿಗೂ ವಿರೋಧಿಸುವವರಿಗೂ ಇದು ಗೊತ್ತಿರಲೇಬೇಕು.

ಅರೆಬರೆ ಮಾಡಿದರೆ ಫಲವಿಲ್ಲ. ಹೆಣ್ಣು ತೋಳ ಒಂದು ಸೂಲಿಗೆ ನಾಲ್ಕರಿಂದ ಆರು ಮರಿ ಹಾಕುತ್ತದೆ, ನೆರೆಯ ಗುಂಪುಗಳ ಪ್ರಾಯದ ತೋಳಗಳು ಖಾಲಿ ಜಾಗಕ್ಕೆ ನುಗ್ಗುತ್ತವೆ. ವರ್ಷಕ್ಕೆ ಕಾಲುಭಾಗ ಕೊಂದರೆ ಅಷ್ಟೂ ಮತ್ತೆ ತುಂಬಿಕೊಂಡು, ಸತ್ತ ತೋಳಗಳು ಸುಮ್ಮನೆ ಸತ್ತಂತಾಗುತ್ತದೆ. ದಕ್ಷಿಣದ ಪರ್ವತ ಕ್ಯಾರಿಬೂಗೆ (ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾದ ಬೆಟ್ಟಗಳಲ್ಲಿರುವವು) ಹಾಕಿಕೊಂಡ ಗುರಿ 1,000 ಚದರ ಕಿಲೋಮೀಟರಿಗೆ 3ಕ್ಕಿಂತ ಕಡಿಮೆ ತೋಳ. ಅದನ್ನು ಹಿಂಡಿನ ಇಡೀ ನೆಲೆಯಲ್ಲಿ, ಚಳಿಗಾಲದ ಮೇಲೆ ಚಳಿಗಾಲ ಕಾಯ್ದುಕೊಳ್ಳಬೇಕು. ವಾಯವ್ಯ ಕೆನಡಾದ ಯೂಕಾನ್‌ನ ಫಿನ್ಲೇಸನ್ ಹಿಂಡಿಗಾಗಿ 1983ರಿಂದ 1989ರವರೆಗೆ ಹೀಗೆ ಮಾಡಿದಾಗ ಕ್ಯಾರಿಬೂ ಏರಿತು. ನಿಲ್ಲಿಸಿದ ಕೆಲವೇ ವರ್ಷಗಳಲ್ಲಿ ತೋಳಗಳು ಮೊದಲಿನಷ್ಟೇ ಆದವು. ಆಲ್ಬರ್ಟಾದ ಲಿಟ್ಲ್ ಸ್ಮೋಕಿಯಲ್ಲಿ 2005ರ ಚಳಿಗಾಲದಿಂದ ಏಳು ವರ್ಷದಲ್ಲಿ 800ಕ್ಕೂ ಹೆಚ್ಚು ತೋಳ ಸತ್ತವು. ಹಿಂಡು ಕುಸಿಯುವುದು ನಿಂತಿತು, ಬೆಳೆಯಲಿಲ್ಲ. ಅಲ್ಲಿ ಸ್ಟ್ರಿಕ್ನೀನ್ ವಿಷವನ್ನೂ ಇಟ್ಟಿದ್ದರು. ವಿಷಕ್ಕೆ ತೋಳ ಯಾವುದು, ಕಾಗೆ ಯಾವುದು, ನರಿ ಯಾವುದು ಎಂದು ಗೊತ್ತಾಗುವುದಿಲ್ಲ. ವಿಷ ಬಳಸುವ ಯಾವ ಯೋಜನೆಯನ್ನೂ ನಾನು ಸಮರ್ಥಿಸುವುದಿಲ್ಲ.

ತಡವಾದರೂ ಕೈತಪ್ಪುತ್ತದೆ. ಅಮೆರಿಕದ ಗಡಿಯಲ್ಲಿದ್ದ ಸೌತ್ ಸೆಲ್ಕರ್ಕ್ ಹಿಂಡಿನಲ್ಲಿ 2009ರಲ್ಲಿ 46 ಕ್ಯಾರಿಬೂ ಇದ್ದವು, 2014ರಲ್ಲಿ 18. ತೋಳ ಇಳಿಸಲು ಶುರುಮಾಡಿದ್ದು 2015ರಲ್ಲಿ. ಅಷ್ಟು ಚಿಕ್ಕ ಹಿಂಡಿಗೆ ಒಂದು ಕೂಗರ್ (ಚಿರತೆಯಂಥ ದೊಡ್ಡ ಬೆಕ್ಕು) ಸಾಕು, ಒಂದು ಹಿಮಕುಸಿತ ಸಾಕು. 2018ರ ಗಣತಿಗೆ ಸಿಕ್ಕಿದ್ದು ಮೂರೇ ಹೆಣ್ಣು.

ಗೆದ್ದ ಕಥೆ ಕ್ಲಿನ್ಸೆ-ಜಾ ಹಿಂಡಿನದು. ಬ್ರಿಟಿಷ್ ಕೊಲಂಬಿಯಾದ ವೆಸ್ಟ್ ಮೊಬರ್ಲಿ ಮತ್ತು ಸಾಲ್ಟೋ ಮೂಲನಿವಾಸಿ ಸಮುದಾಯಗಳು ತೋಳ ಇಳಿಸುವುದರ ಜೊತೆಗೆ ಕ್ಯಾರಿಬೂಗೆ ಬಾಣಂತನ ಮಾಡಲು ನಿಂತವು. ಮಾರ್ಚ್ ತಿಂಗಳಲ್ಲಿ ಗಬ್ಬದ ಹೆಣ್ಣುಗಳನ್ನು ಹಿಡಿದು ಬೆಟ್ಟದ ಮೇಲಿನ ದೊಡ್ಡಿಗೆ ತರುತ್ತಾರೆ. ಸುತ್ತ ಎತ್ತರದ ಕಪ್ಪು ಬಟ್ಟೆಯ ಗೋಡೆ, ಹೊರಗೆ ವಿದ್ಯುತ್ ತಂತಿ. ಕಾವಲುಗಾರರು ಹಗಲು ರಾತ್ರಿ ಅಲ್ಲೇ ಬಿಡಾರ. ಒಮ್ಮೆಗೇ ಪಶು ಆಹಾರ ಕೊಟ್ಟರೆ ಕ್ಯಾರಿಬೂ ಹೊಟ್ಟೆಗೆ ಆಗುವುದಿಲ್ಲ. ಸಮುದಾಯದ ಜನ ಚೀಲಗಟ್ಟಲೆ ಕೈಯಲ್ಲೇ ಆಯ್ದು ತಂದ ಕಲ್ಲುಹೂವನ್ನು ಮೊದಲು ಹಾಕಿ, ದಿನದಿನಕ್ಕೆ ಅದನ್ನು ಕಡಿಮೆ ಮಾಡುತ್ತ ಪಶು ಆಹಾರಕ್ಕೆ ಒಗ್ಗಿಸುತ್ತಾರೆ. ಮೇ, ಜೂನ್‌ನಲ್ಲಿ ಕರು ಹುಟ್ಟಿ, ತಾಯಿಯ ಜೊತೆ ಓಡುವಷ್ಟು ಗಟ್ಟಿಯಾದ ಮೇಲೆ ಬೇಸಿಗೆಯಲ್ಲಿ ಬಾಗಿಲು ತೆರೆಯುತ್ತಾರೆ. 2013ರಲ್ಲಿ 38 ಇದ್ದ ಹಿಂಡು 2021ರಲ್ಲಿ 101 ಆಯಿತು.

ದಕ್ಷಿಣದ ಪರ್ವತ ಕ್ಯಾರಿಬೂಗಳ ಸುಮಾರು 40 ಹಿಂಡುಗಳ ಲೆಕ್ಕ ಸೇರಿಸಿದ ಅಧ್ಯಯನವೊಂದು 2024ರಲ್ಲಿ ಬಂತು. 1991ರಿಂದ 2023ರ ಹೊತ್ತಿಗೆ ಒಟ್ಟು ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ತೋಳ ಇಳಿಸುವುದು, ಬಾಣಂತಿ ದೊಡ್ಡಿ, ಮೇವು ಹಾಕುವುದು, ಇದ್ಯಾವುದೂ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಸುಮಾರು 1,500 ಕ್ಯಾರಿಬೂ ಹೆಚ್ಚಿವೆ ಎಂದು ಅದು ತೋರಿಸಿತು. ಒಂಟಿಯಾಗಿ ಹೆಚ್ಚು ಕೆಲಸ ಮಾಡಿದ್ದು ತೋಳ ಇಳಿಸಿದ್ದೇ. ಜೊತೆಗೂಡಿದಾಗ ಫಲ ಇನ್ನೂ ಚೆನ್ನಾಗಿತ್ತು.

"ಮೂಸ್ ಕಡಿಮೆ ಮಾಡಿದರೆ ತೋಳ ತಾನಾಗಿ ಇಳಿಯುವುದಿಲ್ಲವೇ?" ಎನ್ನುವವರೂ ಇದ್ದಾರೆ. ಇಳಿಯುತ್ತದೆ. ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಪಟ್ಟಣದ ಸುತ್ತ 2003ರಿಂದ ಬೇಟೆ ಪರವಾನಗಿ ಹೆಚ್ಚಿಸಿ ಮೂಸ್ ಇಳಿಸಿದಾಗ ಅಲ್ಲಿನ ದೊಡ್ಡ ಹಿಂಡು ಸ್ಥಿರವಾಯಿತು, ಚಿಕ್ಕವು ಕರಗುತ್ತಲೇ ಹೋದವು. ಆದರೆ ಮೂಸ್ ಒಮ್ಮೆಗೇ ಇಲ್ಲವಾದರೆ ಹಸಿದ ತೋಳ ತಿರುಗುವುದು ಕ್ಯಾರಿಬೂ ಕಡೆಗೇ.

ಎಲ್ಲ ಕ್ಯಾರಿಬೂಗೂ ಈ ಔಷಧ ನಾಟುವುದಿಲ್ಲ. ಅಲಾಸ್ಕಾದ ಮುಲ್ಚಟ್ನಾ ಎಂಬ ವಲಸೆ ಹಿಂಡಿಗಾಗಿ 2023ರಲ್ಲಿ 94 ಕಂದು ಕರಡಿ, 5 ಕಪ್ಪು ಕರಡಿ, 5 ತೋಳಗಳನ್ನು ಕೊಂದರು. ಎರಡು ಲಕ್ಷದಿಂದ ಹದಿಮೂರು ಸಾವಿರದ ಆಸುಪಾಸಿಗೆ ಕುಸಿದಿದ್ದ ಆ ಹಿಂಡಿನಲ್ಲಿ ಬ್ರುಸೆಲ್ಲೋಸಿಸ್ ರೋಗವಿತ್ತು, ಮೇವಿನ ಪ್ರಶ್ನೆಯೂ ಇತ್ತು. ಕಾರಣ ಬಿಡಿಸಿ ನೋಡದೆ ಕೋವಿ ಎತ್ತುವುದು ತಪ್ಪು.

ಹಾಗಾಗಿ ತೋಳ ಇಳಿಸುವ ಯೋಜನೆ ಕಣ್ಣಿಗೆ ಬಿದ್ದಾಗ ನಾನು ಮೊದಲು ನೋಡುವುದು ಅದರ ಜೊತೆ ಕಾಡಿನ ನಕ್ಷೆ ಇದೆಯೇ ಎಂದು. ಕ್ಯಾರಿಬೂ ಉಳಿಸಲು ಕೆನಡಾ ರೂಪಿಸಿದ 2012ರ ಕಾರ್ಯನೀತಿಯ ಪ್ರಕಾರ ಹಿಂಡಿನ ನೆಲೆಯಲ್ಲಿ 65% ಕಾಡು ಕದಡದೆ ಇದ್ದರೆ ಹಿಂಡು ತಾನೇ ಉಳಿಯುವ ಸಾಧ್ಯತೆ 60% ಅಷ್ಟೇ. ಲಿಟ್ಲ್ ಸ್ಮೋಕಿಯಲ್ಲಿ ಸುಮಾರು 95% ಕದಡಿಹೋಗಿದೆ. ಆ ಸೈಸ್ಮಿಕ್ ಲೈನ್‌ಗಳನ್ನು ಮುಚ್ಚುವುದು ಗೊತ್ತಿರುವ ಕೆಲಸ: ಜೌಗು ಹೆಪ್ಪುಗಟ್ಟಿದಾಗ ಯಂತ್ರ ಒಯ್ದು, ಮಣ್ಣು ಬಗೆದು ಮಗುಚಿ ಗುಡ್ಡೆ ಹಾಕಿ, ನೀರು ನಿಲ್ಲದ ಆ ಗುಡ್ಡೆಯ ನೆತ್ತಿಗೆ ಸ್ಪ್ರೂಸ್ ಸಸಿ ನೆಟ್ಟು, ಇಕ್ಕೆಲದ ಮರಗಳನ್ನು ದಾರಿಗೆ ಅಡ್ಡ ಉರುಳಿಸಬೇಕು. ಕಿಲೋಮೀಟರಿಗೆ ಹತ್ತು ಸಾವಿರ ಡಾಲರ್‌ಗೂ ಹೆಚ್ಚು ಹಿಡಿಯುತ್ತದೆ. ಸಸಿ ತೋಳಕ್ಕೆ ಅಡ್ಡ ನಿಲ್ಲುವಷ್ಟು ಬೆಳೆಯಲು ದಶಕಗಳು. ಅಷ್ಟೂ ವರ್ಷ ಹೆಲಿಕಾಪ್ಟರ್ ಹಾರಬೇಕಾದೀತು, ಹಾರಲಿ. ಆದರೆ ಅದೇ ನೆಲೆಯಲ್ಲಿ ಹೊಸ ಕಡಿತಕ್ಕೆ ಪರವಾನಗಿ ಕೊಡುತ್ತಿದ್ದರೆ ನನ್ನ ಉತ್ತರ: ಬೇಡ, ಒಂದು ತೋಳವನ್ನೂ ಮುಟ್ಟಬೇಡಿ.